ಕರುಳುಬಳ್ಳಿಯ ಲೆಕ್ಕ: ಜೆ. ಬಿ. ಎಸ್. ಹಾಲ್ಡೇನ್

ಉಳಿವಿಗಾಗಿ ಸದಾ ಹೆಣಗುವ ಜೀವಿಯು ಒಮ್ಮೊಮ್ಮೆ ತನ್ನ ಪ್ರಾಣವನ್ನೇ ಪಣವಿಟ್ಟು ಬಳಗವನ್ನು ಕಾಯುವುದೇಕೆ? ವಿಕಾಸವಾದವನ್ನು ಬಹುಕಾಲ ಕಾಡಿದ ಈ ಪ್ರಶ್ನೆಗೆ ಗಣಿತದ ಉತ್ತರವಿದೆಯೆಂದು ಮೊದಮೊದಲು ಕಂಡವರಲ್ಲಿ, ಭಾರತವನ್ನೇ ತಾಯ್ನಾಡಾಗಿಸಿಕೊಂಡು ಇಲ್ಲಿಯೇ ಕಣ್ಮುಚ್ಚಿದ ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನರು ಪ್ರಮುಖರು.

1892ರ ನವೆಂಬರ್ 5ರಂದು ಆಕ್ಸ್‌ಫರ್ಡಿನಲ್ಲಿ ಜನಿಸಿದ ಅವರಿಗೆ ತಂದೆಯೇ ಮೊದಲ ಗುರು. ಗಣಿಗಳಲ್ಲಿ ಕಾರ್ಮಿಕರನ್ನು ಕೊಲ್ಲುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ತಂದೆ ಜಾನ್ ಸ್ಕಾಟ್ ಹಾಲ್ಡೇನರು ತಾವೇ ಉಸಿರಾಡಿ ಪರೀಕ್ಷಿಸಿದ್ದರು. ಊದುಕುಲುಮೆಯಿಂದಲೂ ಹೊರಡುವ ಆ ಅನಿಲದ ಅಪಾಯವನ್ನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು ಬಲ್ಲರು. ಸ್ವಂತ ದೇಹವನ್ನೇ ಪ್ರಯೋಗಶಾಲೆಯಾಗಿಸುವ ಈ ಧೈರ್ಯ ಮಗನಿಗೂ ಬಂದಿತು. ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯಾದಲ್ಲಿ ಗಾಯಗೊಂಡ ಅವರು ಚೇತರಿಸಿಕೊಳ್ಳಲು ಬಂದದ್ದು ಭಾರತಕ್ಕೆ. ಮುಂದೆ ಕೇಂಬ್ರಿಜ್ಜಿನಲ್ಲಿಯೂ ಲಂಡನ್ನಿನಲ್ಲಿಯೂ ಅಧ್ಯಾಪಕರಾಗಿ, ನಿಸರ್ಗದ ಆಯ್ಕೆಯನ್ನು ತಳಿಶಾಸ್ತ್ರದ ಗಣಿತದೊಡನೆ ಬೆಸೆದ ಮೂವರು ಮಹನೀಯರಲ್ಲಿ ಒಬ್ಬರೆನಿಸಿದರು.

1955ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಪ್ರಬಂಧವೊಂದರಲ್ಲಿ ಅವರು ನೆರೆ ಬಂದ ಹೊಳೆಯಲ್ಲಿ ಮುಳುಗುತ್ತಿರುವ ಮಗುವಿನ ಉದಾಹರಣೆಯನ್ನು ಕೊಟ್ಟರು. ಮಳೆಗಾಲದ ತುಂಗೆಯನ್ನು ಕಂಡ ಶಿವಮೊಗ್ಗೆಯವರಿಗೂ ಭದ್ರೆಯನ್ನು ಕಂಡ ಭದ್ರಾವತಿಯವರಿಗೂ ಆ ಚಿತ್ರವನ್ನು ವಿವರಿಸಬೇಕಾಗಿಲ್ಲ. ಹೊಳೆಗೆ ಧುಮುಕುವಂತೆ ಪ್ರೇರಿಸುವ ಅಪರೂಪದ ವಂಶವಾಹಿಯೊಂದು ಇದೆಯೆಂದೂ, ಧುಮುಕಿದವನು ಸಾಯುವ ಸಂಭವ ಹತ್ತರಲ್ಲಿ ಒಂದೆಂದೂ ಇಟ್ಟುಕೊಳ್ಳೋಣ. ಮಗು ಸ್ವಂತದ್ದೋ ಒಡಹುಟ್ಟೋ ಆಗಿದ್ದರೆ ಅದರಲ್ಲಿಯೂ ಆ ವಂಶವಾಹಿ ಇರುವ ಸಂಭವ ಅರ್ಧ. ಎಂದರೆ ಒಂದು ನಷ್ಟವಾದರೆ ಐದು ಉಳಿಯುತ್ತವೆ. ಮೊಮ್ಮಗುವಿಗೂ ಸೋದರಳಿಯನಿಗೂ ಈ ಲಾಭ ಎರಡೂವರೆಗೆ ಇಳಿಯುತ್ತದೆ. ಚಿಕ್ಕಪ್ಪನ ಮಕ್ಕಳಾದರೆ ಲಾಭ ಅತ್ಯಲ್ಪ. ಅದಕ್ಕಿಂತ ದೂರದ ನಂಟರಿಗಾಗಿ ಧುಮುಕಿದರೆ ನಷ್ಟವೇ ಹೆಚ್ಚು. ಇಷ್ಟು ಹೇಳಿದ ಹಾಲ್ಡೇನರು ಅಲ್ಲಿಯೇ ಪ್ರಾಮಾಣಿಕವಾದ ಇನ್ನೊಂದು ಮಾತನ್ನೂ ಸೇರಿಸಿದರು: ತಾವೇ ಎರಡು ಬಾರಿ ಮುಳುಗುವಂತಿದ್ದವರನ್ನು ನೀರಿನಿಂದ ಎಳೆದದ್ದುಂಟು, ಆಗ ಲೆಕ್ಕ ಹಾಕಲು ಸಮಯವಿರಲಿಲ್ಲ. ಬಳಿಕ ಅವರು ಆ ಎಳೆಯನ್ನು ಮುಂದುವರಿಸಲಿಲ್ಲ.

1957ರಲ್ಲಿ ಪತ್ನಿ ಹೆಲೆನ್ ಸ್ಪರ್ವೇ ಅವರೊಡನೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು, 1961ರಲ್ಲಿ ಭಾರತದ ಪೌರರಾಗಿ, ಕೊನೆಗೆ ಭುವನೇಶ್ವರದಲ್ಲಿ ನೆಲೆಸಿದರು. ಉಡುಪು, ಊಟ ಎರಡೂ ಭಾರತೀಯವಾದವು. ದುಬಾರಿ ಉಪಕರಣವಿಲ್ಲದೆ ಕಣ್ಣು, ತಾಳ್ಮೆ, ಲೆಕ್ಕಗಳಿಂದಲೇ ವಿಜ್ಞಾನ ಸಾಧ್ಯವೆಂಬುದು ಅವರ ನಿಲುವು. ಅದರಂತೆ ಶ್ರೀಮತಿ ಸ್ಪರ್ವೇ ಅವರೂ ತರುಣ ಸಹೋದ್ಯೋಗಿಗಳೂ ಗೋಡೆಗೆ ಮಣ್ಣಿನ ಗೂಡು ಕಟ್ಟುವ ಕಡಜಗಳನ್ನು ದಿನಗಟ್ಟಲೆ ಗಮನಿಸಿದರು. 1964ರ ಡಿಸೆಂಬರ್ 1ರಂದು ಕ್ಯಾನ್ಸರಿನಿಂದ ತೀರಿಕೊಂಡ ಹಾಲ್ಡೇನರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು.

ಅದೇ ವರ್ಷ ವಿಲಿಯಂ ಹ್ಯಾಮಿಲ್ಟನ್ ಎಂಬ ಆಂಗ್ಲ ತರುಣರು ನಂಟಿನ ಪ್ರಮಾಣ, ಲಾಭ, ನಷ್ಟ ಮೂರನ್ನೂ ಒಂದೇ ಸೂತ್ರಕ್ಕೆ ತಂದರು. ಸಿದ್ಧಾಂತದ ಕೀರ್ತಿ ಅವರಿಗೆ ಸಲ್ಲುವುದೇ ನ್ಯಾಯ. ಜೇನು, ಕಡಜಗಳಲ್ಲಿ ಗಂಡು ಫಲಿತವಾಗದ ಮೊಟ್ಟೆಯಿಂದ ಹುಟ್ಟುವುದರಿಂದ ಒಬ್ಬನೇ ತಂದೆಯ ಅಕ್ಕತಂಗಿಯರ ನಂಟು ಮುಕ್ಕಾಲು ಪಾಲು, ಸ್ವಂತ ಮಗಳ ನಂಟಾದರೋ ಅರ್ಧವೇ ಎಂದು ಅವರು ತೋರಿಸಿದರು.

ಈ ಲೆಕ್ಕವನ್ನು ಒರೆಗೆ ಹಚ್ಚಿದ ಕೆಲಸಗಳಲ್ಲೊಂದು ಕರ್ನಾಟಕದಲ್ಲಿಯೇ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ರಾಘವೇಂದ್ರ ಗದಗಕರ್ ಅವರೂ ಅವರ ಶಿಷ್ಯರೂ ಕಿಟಕಿಗಳಲ್ಲಿ ಕಾಗದದಂತಹ ಗೂಡು ಕಟ್ಟುವ ರೊಪಾಲಿಡಿಯಾ ಮಾರ್ಜಿನೇಟಾ ಕಡಜವನ್ನು ಅಭ್ಯಸಿಸಿದರು. ಅಲ್ಲಿ ರಾಣಿ ಹಲವು ಗಂಡುಗಳನ್ನು ಕೂಡುವುದರಿಂದ ಅಕ್ಕತಂಗಿಯರ ನಂಟು ಮುಕ್ಕಾಲಿಗಿಂತ ಬಹಳ ಕಡಿಮೆ. ಒಂದೇ ಗೂಡಿನವರನ್ನು ಹೊರಗಿನವರಿಂದ ಬೇರ್ಪಡಿಸಿ ಗುರುತಿಸುವ ಈ ಹುಳುಗಳಿಗೆ ಆ ಗುರುತು ದೊರೆಯುವುದು ಗೂಡಿನಿಂದ, ಗೂಡಿನವರಿಂದ. ಒಳಗೆ ಯಾರು ಹತ್ತಿರದವರು, ಯಾರು ದೂರದವರು ಎಂಬುದನ್ನು ಅವು ಅರಿಯುವಂತೆ ಕಾಣದು. ಆದರೂ ದುಡಿಯುತ್ತವೆ. ಒಂಟಿಯಾಗಿ ಗೂಡು ಕಟ್ಟಿದ ಹೆಣ್ಣು ಮರಿಗಳು ಬಲಿಯುವ ಮುನ್ನ ಸತ್ತರೆ ಅದರ ಶ್ರಮವೆಲ್ಲ ಮಣ್ಣುಪಾಲು. ತುಂಬಿದ ಗೂಡಿನಲ್ಲಾದರೋ ಸತ್ತ ಹುಳುವು ಅರ್ಧಕ್ಕೆ ಬಿಟ್ಟ ಆರೈಕೆಯನ್ನು ಉಳಿದವು ಪೂರೈಸುತ್ತವೆ.