ಥಾಮಸ್ ಬ್ರಾಕೆಟ್ ರೀಡ್

ಥಾಮಸ್ ಬ್ರಾಕೆಟ್ ರೀಡ್ (ಅಕ್ಟೋಬರ್ 18, 1839 – ಡಿಸೆಂಬರ್ 7, 1902) ಅಮೇರಿಕ ಸಂಯುಕ್ತ ಸಂಸ್ಥಾನದ ರಿಪಬ್ಲಿಕನ್ ಪಕ್ಷದ ರಾಜಕಾರಣಿ ಮತ್ತು ವಕೀಲರು. ಮೇಯ್ನ್ ರಾಜ್ಯದಿಂದ 1877ರಿಂದ 1899ರವರೆಗೆ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದ ಇವರು, 1889–91 ಮತ್ತು 1895–99ರ ಅವಧಿಗಳಲ್ಲಿ ಆ ಸಭೆಯ ಸ್ಪೀಕರ್ ಆಗಿದ್ದರು. ಅಲ್ಪಸಂಖ್ಯಾತ ಪಕ್ಷವು ಕೋರಂ ಮುರಿದು ಕಲಾಪವನ್ನು ತಡೆಯುತ್ತಿದ್ದ ಹಳೆಯ ತಂತ್ರವನ್ನು 1890ರಲ್ಲಿ ಕೊನೆಗಾಣಿಸಿದವರೆಂದು ಪ್ರಸಿದ್ಧರು. ವಿರೋಧಿಗಳು ಇವರನ್ನು ರಷ್ಯದ ಚಕ್ರವರ್ತಿಗೆ ಹೋಲಿಸಿ ಜಾರ್ ರೀಡ್ ಎಂದು ಕರೆದರು.

ಜನನ ಮತ್ತು ಆರಂಭಿಕ ಜೀವನ

ರೀಡ್ ಅವರು ಮೇಯ್ನ್ ರಾಜ್ಯದ ಬಂದರು ನಗರವಾದ ಪೋರ್ಟ್‌ಲೆಂಡ್‌ನಲ್ಲಿ ಜನಿಸಿದರು. ಕುಟುಂಬ ಸಿರಿವಂತವಾದುದಲ್ಲ. 1860ರಲ್ಲಿ ಬೋಡನ್ ಕಾಲೇಜಿನಿಂದ ಪದವಿ ಪಡೆದು, ಕೆಲಕಾಲ ಶಾಲಾ ಶಿಕ್ಷಕರಾಗಿ ದುಡಿದು, ಕಾನೂನು ಅಭ್ಯಾಸ ಮಾಡಿದರು. ಅಂತರ್ಯುದ್ಧದ ಕೊನೆಯ ವರ್ಷಗಳಲ್ಲಿ ನೌಕಾಪಡೆಯ ವೇತನ ವಿಭಾಗದಲ್ಲಿ ಸೇವೆ ಸಲ್ಲಿಸಿದರು. ಆನಂತರ ಮೇಯ್ನ್ ಶಾಸನಸಭೆಯ ಎರಡೂ ಸದನಗಳ ಸದಸ್ಯತ್ವ, ರಾಜ್ಯದ ಅಟಾರ್ನಿ ಜನರಲ್ ಹುದ್ದೆ ಹಾಗೂ ಪೋರ್ಟ್‌ಲೆಂಡ್ ನಗರದ ಕಾನೂನು ಅಧಿಕಾರಿಯ ಹುದ್ದೆಗಳನ್ನು ಒಂದರ ಹಿಂದೊಂದರಂತೆ ನಿರ್ವಹಿಸಿದರು.

ಆರಡಿಗೂ ಮೀರಿದ ಎತ್ತರದ, ಸ್ಥೂಲಕಾಯದ ರೀಡ್ ಅವರ ವ್ಯಂಗ್ಯ ಹರಿತವಾಗಿತ್ತು. ಅದರಿಂದ ಗಳಿಸಿದ ಮೆಚ್ಚುಗೆಯಷ್ಟೇ ವೈರವೂ ದೊಡ್ಡದು.

ಮೌನದ ತಂತ್ರ

ಅಮೇರಿಕದ ಸಂವಿಧಾನದ ಪ್ರಕಾರ ಸದನವು ವ್ಯವಹಾರ ನಡೆಸಲು ಸದಸ್ಯರ ಬಹುಮತದ ಹಾಜರಿ ಬೇಕು. ಆದರೆ ಹಾಜರಿಯನ್ನು ಎಣಿಸುವ ಬಗೆಯನ್ನು ಅದು ಹೇಳುವುದಿಲ್ಲ. ಮತಕ್ಕಾಗಿ ಹೆಸರು ಕೂಗಿದಾಗ ಉತ್ತರಿಸಿದವರನ್ನು ಮಾತ್ರ ಹಾಜರೆಂದು ಪರಿಗಣಿಸುವ ರೂಢಿ ಹಲವು ದಶಕಗಳಿಂದ ನಡೆದುಬಂದಿತ್ತು. ಹೀಗಾಗಿ ವಿರೋಧ ಪಕ್ಷದವರು ತಮ್ಮ ಆಸನಗಳಲ್ಲಿಯೇ ಕುಳಿತು ಬಾಯಿ ಮುಚ್ಚಿಕೊಂಡರೆ ಸಾಕು, ಕೋರಂ ಇಲ್ಲವಾಗುತ್ತಿತ್ತು. ವಿರುದ್ಧವಾಗಿ ಮತ ಹಾಕಿದರೆ ಅವರಿಗೆ ಸೋಲು ಖಚಿತ, ಸುಮ್ಮನಿದ್ದರೆ ಗೆಲುವು. ಆಳುವ ಪಕ್ಷದ ಬಹುಮತ ಕಿರಿದಾಗಿದ್ದಷ್ಟೂ ಈ ಮೌನದ ಬೆಲೆ ಏರುತ್ತಿತ್ತು. ಒಬ್ಬಿಬ್ಬರು ಕಾಯಿಲೆ ಬಿದ್ದರೂ ಸದನ ನಿಂತುಹೋಗುತ್ತಿತ್ತು. ಎರಡೂ ಪಕ್ಷಗಳು ಸರದಿಯಂತೆ ಇದರ ಲಾಭ ಪಡೆದಿದ್ದರಿಂದ ಯಾರಿಗೂ ಇದನ್ನು ತೊಡೆದುಹಾಕುವ ಆಸಕ್ತಿ ಇರಲಿಲ್ಲ. 1880ರಲ್ಲಿ ಡೆಮಾಕ್ರಟಿಕ್ ಸದಸ್ಯರೊಬ್ಬರು ಹಾಜರಿದ್ದವರನ್ನೆಲ್ಲ ಎಣಿಸುವ ನಿಯಮವನ್ನು ಸೂಚಿಸಿದಾಗ, ಆಗ ವಿರೋಧ ಪಕ್ಷದಲ್ಲಿದ್ದ ರೀಡ್ ಅವರೇ ಅದನ್ನು ವಿರೋಧಿಸಿದ್ದರು ಎಂಬುದನ್ನು ಇಲ್ಲಿ ಮರೆಯಲಾಗದು.

ಜನವರಿ 29, 1890

ಡಿಸೆಂಬರ್ 1889ರಲ್ಲಿ ರೀಡ್ ಸ್ಪೀಕರ್ ಆದಾಗ ರಿಪಬ್ಲಿಕನ್ನರ ಬಹುಮತ ತೀರ ತೆಳುವಾಗಿತ್ತು. ಮರು ತಿಂಗಳು ವೆಸ್ಟ್ ವರ್ಜೀನಿಯದ ಸ್ಮಿತ್ ಮತ್ತು ಜಾಕ್ಸನ್ ನಡುವಿನ ಚುನಾವಣಾ ವಿವಾದ ಸದನದ ಮುಂದೆ ಬಂದಿತು. ಪ್ರಸ್ತಾಪದ ಪರವಾಗಿ ನೂರ ಅರವತ್ತಕ್ಕೂ ಮಿಕ್ಕಿ ಮತಗಳು ಬಿದ್ದವು, ವಿರುದ್ಧ ಬಿದ್ದವು ಬೆರಳೆಣಿಕೆಯಷ್ಟು, ಉಳಿದವರು ಮೌನವಾಗಿದ್ದರು. ಜಾರ್ಜಿಯದ ಚಾರ್ಲ್ಸ್ ಕ್ರಿಸ್ಪ್ ಅವರು ಕೋರಂ ಇಲ್ಲವೆಂದು ಆಕ್ಷೇಪಿಸಿದರು. ರೀಡ್ ಅವರು ಗುಮಾಸ್ತನಿಗೆ, ಹಾಜರಿದ್ದೂ ಮತ ನೀಡದವರ ಹೆಸರುಗಳನ್ನು ಬರೆದುಕೊಳ್ಳುವಂತೆ ಆದೇಶಿಸಿ, ತಾವೇ ಒಬ್ಬೊಬ್ಬರ ಹೆಸರನ್ನು ಓದತೊಡಗಿದರು. ಸದನದಲ್ಲಿ ಕೋಲಾಹಲವೆದ್ದಿತು. ಕೆಂಟಕಿಯ ಮ್ಯಾಕ್‌ಕ್ರಿಯರಿ ಎದ್ದು ನಿಂತು, ತಮ್ಮನ್ನು ಹಾಜರೆಂದು ಎಣಿಸುವ ಹಕ್ಕು ಸ್ಪೀಕರ್‌ಗೆ ಇಲ್ಲವೆಂದು ವಾದಿಸಿದರು. ಹಾಗಾದರೆ ತಾವು ಇಲ್ಲಿ ಇಲ್ಲವೆಂದು ಹೇಳುತ್ತೀರಾ ಎಂದು ರೀಡ್ ಶಾಂತವಾಗಿಯೇ ವಿಚಾರಿಸಿದರು. ಆ ಪ್ರಶ್ನೆಗೆ ಎದ್ದು ನಿಂತವರು ಕೊಡಬಲ್ಲ ಉತ್ತರವೇ ಇರಲಿಲ್ಲ.

ಗದ್ದಲ ಹಲವು ದಿನ ಮುಂದುವರಿಯಿತು. ಕೆಲವರು ಮೇಜುಗಳ ಕೆಳಗೆ ಅಡಗಿದರು, ಕೆಲವರು ಹೊರಗೋಡಲು ಯತ್ನಿಸಿದರು. ಬಾಗಿಲುಗಳಿಗೆ ಬೀಗ ಹಾಕಿಸಿದಾಗ ಟೆಕ್ಸಾಸ್‌ನ ಕಿಲ್ಗೋರ್ ಬಾಗಿಲನ್ನು ಒದ್ದು ಹೊರನಡೆದರು. ಸ್ಮಿತ್ ಅವರಿಗೆ ಸ್ಥಾನ ದೊರೆಯಿತು. ಫೆಬ್ರವರಿ 14ರಂದು ಸದನವು ಹೊಸ ನಿಯಮಗಳನ್ನು ಅಂಗೀಕರಿಸಿತು. ಅವುಗಳಂತೆ ಮೌನವಾಗಿದ್ದವರೂ ಎಣಿಕೆಗೆ ಸೇರಿದರು, ಕಾಲಹರಣಕ್ಕಾಗಿಯೇ ಮಂಡಿಸಿದ ಸೂಚನೆಗಳನ್ನು ಸ್ಪೀಕರ್ ತಿರಸ್ಕರಿಸಬಹುದಾಯಿತು, ಇಡೀ ಸದನದ ಸಮಿತಿಗೆ 100 ಸದಸ್ಯರ ಕೋರಂ ಸಾಕಾಯಿತು. 138 ಮತಗಳ ಜೊತೆಗೆ ಮೌನವಾಗಿದ್ದ 74 ಮಂದಿಯನ್ನು ಸೇರಿಸಿ ಅಂಗೀಕರಿಸಿದ್ದ ಸುಂಕದ ಕಾಯಿದೆಯೊಂದರ ಪ್ರಕರಣದಲ್ಲಿ, 1892ರಲ್ಲಿ ಸುಪ್ರೀಂ ಕೋರ್ಟ್ ಈ ಎಣಿಕೆಯನ್ನು ಎತ್ತಿಹಿಡಿಯಿತು.

ಮತದಾನದ ಹಕ್ಕಿನ ಮಸೂದೆ

ಈ ಹೋರಾಟವನ್ನು ಬರಿಯ ನಿಯಮಾವಳಿಯ ಜಗಳವೆಂದು ಓದಿದರೆ ಮುಖ್ಯವಾದುದು ತಪ್ಪಿಹೋಗುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಕರಿಯ ಪ್ರಜೆಗಳನ್ನು ಬೆದರಿಕೆ ಮತ್ತು ವಂಚನೆಯಿಂದ ಮತಗಟ್ಟೆಯಿಂದ ದೂರವಿಡಲಾಗುತ್ತಿತ್ತು. ಫೆಡರಲ್ ಚುನಾವಣೆಗಳ ಮೇಲ್ವಿಚಾರಣೆಗೆ ಅವಕಾಶ ನೀಡುವ ಹೆನ್ರಿ ಕ್ಯಾಬಟ್ ಲಾಡ್ಜ್ ಅವರ ಮಸೂದೆ ಜುಲೈ 1890ರಲ್ಲಿ ಪ್ರತಿನಿಧಿ ಸಭೆಯಲ್ಲಿ 155–149 ಮತಗಳಿಂದ ಗೆದ್ದಿತು. ಹಳೆಯ ನಿಯಮಗಳಿದ್ದಿದ್ದರೆ ಅದು ಮತಕ್ಕೆ ಬರುವುದೂ ಕಷ್ಟವಿತ್ತು. ಆದರೆ ಸೆನೆಟ್‌ನಲ್ಲಿ ರೀಡ್ ಅವರ ಎಣಿಕೆ ನಡೆಯದು. ಅಲ್ಲಿ ಡೆಮಾಕ್ರಟರು ಮುಗಿಯದ ಭಾಷಣಗಳಿಂದ ಮಸೂದೆಯನ್ನು ತಡೆದರು. ಬೆಳ್ಳಿ ನಾಣ್ಯದ ಪಕ್ಷಪಾತಿಗಳಾದ ಪಶ್ಚಿಮದ ಕೆಲವು ರಿಪಬ್ಲಿಕನ್ನರೂ ಕೈಕೊಟ್ಟರು. 1891ರ ಜನವರಿಯಲ್ಲಿ ಮಸೂದೆ ಮೂಲೆಗೆ ಸೇರಿತು. ಅಷ್ಟರಲ್ಲಿ ಮಿಸಿಸಿಪ್ಪಿ ರಾಜ್ಯವು ಕರಿಯರ ಮತವನ್ನು ಕಸಿಯುವ ಹೊಸ ಸಂವಿಧಾನವನ್ನೇ ರಚಿಸಿಕೊಂಡಿತ್ತು.

ಸೋಲು ಮತ್ತು ಮರಳಿಕೆ

1890ರ ನವೆಂಬರ್ ಚುನಾವಣೆಯಲ್ಲಿ ರಿಪಬ್ಲಿಕನ್ನರು ಭಾರಿಯಾಗಿ ಸೋತರು. ಮೆಕಿನ್ಲೆ ಸುಂಕದಿಂದ ಬೆಲೆಯೇರುವ ಭಯವೂ ಸರಕಾರದ ಹೆಚ್ಚಿದ ಖರ್ಚೂ ಅದಕ್ಕೆ ಮುಖ್ಯ ಕಾರಣಗಳು. ಸ್ಪೀಕರ್ ಆದ ಕ್ರಿಸ್ಪ್ ಅವರ ಕಾಲದಲ್ಲಿ ಡೆಮಾಕ್ರಟರು ರೀಡ್ ನಿಯಮಗಳನ್ನು ಕೈಬಿಟ್ಟರು. ಆಗ ರೀಡ್ ತಮ್ಮ ಪಕ್ಷದವರನ್ನು ಮೌನವಾಗಿ ಕೂರಿಸಿ ಅದೇ ಹಳೆಯ ಔಷಧವನ್ನು ಅವರಿಗೇ ಕುಡಿಸಿದರು. ಸದಸ್ಯರನ್ನು ಸದನಕ್ಕೆ ತರಲಾಗದೆ ಬೇಸತ್ತ ಡೆಮಾಕ್ರಟರು ಏಪ್ರಿಲ್ 1894ರಲ್ಲಿ ಕೋರಂ ಎಣಿಕೆಯನ್ನು ತಾವೇ ಒಪ್ಪಿಕೊಂಡರು. ರೀಡ್ ಅವರ ಪಾಲಿಗೆ ಬಹುಶಃ ಇದೇ ಅತ್ಯಂತ ಸಿಹಿಯಾದ ಗೆಲುವು.

ಕೊನೆಯ ವರ್ಷಗಳು

1896ರಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿತನ ರೀಡ್ ಅವರ ಕೈತಪ್ಪಿ ವಿಲಿಯಂ ಮೆಕಿನ್ಲೆ ಅವರಿಗೆ ಸಂದಿತು. 1898ರ ಸ್ಪೇನ್ ಯುದ್ಧವನ್ನೂ ಹವಾಯಿ ದ್ವೀಪಗಳ ಸೇರ್ಪಡೆಯನ್ನೂ ರೀಡ್ ವಿರೋಧಿಸಿದರು. ಬಹುಮತವು ಆಳಬೇಕೆಂದು ಹೋರಾಡಿದವರು ಈಗ ತಮ್ಮದೇ ಪಕ್ಷದ ಬಹುಮತದ ಎದುರು ಒಂಟಿಯಾಗಿದ್ದರು. ಸೆಪ್ಟೆಂಬರ್ 1899ರಲ್ಲಿ ರಾಜೀನಾಮೆ ನೀಡಿ ನ್ಯೂಯಾರ್ಕ್ ನಗರದಲ್ಲಿ ವಕೀಲಿ ವೃತ್ತಿ ಕೈಗೊಂಡರು. ವಾಷಿಂಗ್ಟನ್ ನಗರದಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ನಿಧನರಾದರು.

ಪೋರ್ಟ್‌ಲೆಂಡ್‌ನಲ್ಲಿ ರೀಡ್ ಅವರ ಪ್ರತಿಮೆಯಿದೆ. 1894ರಲ್ಲಿ ಪ್ರಕಟವಾದ ಇವರ ಸಂಸದೀಯ ನಿಯಮಗಳ ಕೈಪಿಡಿಯನ್ನು ವಾಷಿಂಗ್ಟನ್ ರಾಜ್ಯದ ಶಾಸನಸಭೆಯು ಆಧಾರ ಗ್ರಂಥವಾಗಿ ಅಂಗೀಕರಿಸಿದೆ.