ಗೌಹರ್ ಜಾನ್ ದನಿಯನ್ನು ನೇರ ತೋಳು ಮರಳಿ ತರಬಲ್ಲದೇ?

ಭಾರತದಲ್ಲಿ ಮೊತ್ತಮೊದಲು ರೆಕಾರ್ಡ್ ಆದದ್ದು ಗೌಹರ್ ಜಾನ್ ದನಿ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುತ್ತದೆ. ಇದು ಪೂರ್ತಿ ನಿಜವಲ್ಲ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಯಂತ್ರ ತಂದಾಗ ಮೊದಲು ಹಾಡಿದವರು ರಂಗಭೂಮಿಯ ಶಶಿಮುಖಿ ಮತ್ತು ಫಣಿಬಾಲಾ. ಗೌಹರ್ ಹಾಡಿದ್ದು ಕೆಲವು ದಿನಗಳ ನಂತರ. ಆದರೆ ಗ್ರಾಮಫೋನ್ ಪ್ಲೇಟಿನಿಂದ ದೇಶಕ್ಕೆಲ್ಲ ಹೆಸರಾದವರು ಅವರೇ.

ಯಾರು ಈ ಗೌಹರ್?

1873ರಲ್ಲಿ ಆಜಂಗಢದಲ್ಲಿ ಹುಟ್ಟಿದಾಗ ಅವರ ಹೆಸರು ಏಂಜಲೀನಾ ಯೋವರ್ಡ್. ಅಪ್ಪ ಅಮ್ಮ ಬೇರೆಯಾದ ಮೇಲೆ ತಾಯಿ ಬನಾರಸ್‌ಗೆ ಬಂದು, ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದರು. ಮಗಳು ಗೌಹರ್ ಜಾನ್ ಆದಳು. ಮುಂದೆ ಕಲ್ಕತ್ತೆ ಅವರ ಊರಾಯಿತು. ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಮೂರು ನಿಮಿಷದ ಪ್ಲೇಟಿಗೆ ಒಗ್ಗಿಸಿದ್ದು ಗೌಹರ್ ಅವರ ದೊಡ್ಡ ಸಾಧನೆ. ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಅಲ್ಲಿನವರಿಗೆ ಗಾಯಕಿ ಯಾರೆಂದು ತಿಳಿಯಬೇಕಿತ್ತು.

ಡ್ರಾಯರೋ, ಬಾಗಿಲೋ?

ರೆಕಾರ್ಡ್ ಮಾಡುವಾಗ ಸೂಜಿ ಪ್ಲೇಟಿನ ಅಂಚಿನಿಂದ ನಡುವಿನ ಕಡೆಗೆ ನೇರವಾಗಿ, ಮೇಜಿನ ಡ್ರಾಯರ್ ಸರಿದಂತೆ ಸಾಗುತ್ತದೆ. ನಾವು ಕೇಳುವಾಗ ಬಳಸುವ ತೋಳು ಮಾತ್ರ ಬಾಗಿಲಿನ ಹಾಗೆ ಒಂದು ಬುಡದ ಮೇಲೆ ತಿರುಗುತ್ತದೆ. ಕೊರೆದ ಕೋನಕ್ಕೂ ಓದುವ ಕೋನಕ್ಕೂ ಅಲ್ಲೇ ವ್ಯತ್ಯಾಸ ಬರುತ್ತದೆ. ತೋಳನ್ನು ಸರಿಯಾಗಿ ಕೂರಿಸಿದರೆ ಎರಡು ಜಾಗದಲ್ಲಿ ಅದು ಸೊನ್ನೆ, ಉಳಿದೆಡೆ ಒಂದೆರಡು ಡಿಗ್ರಿ. ಅಷ್ಟರಿಂದಲೇ ದನಿ ಸ್ವಲ್ಪ ಒಡೆಯುತ್ತದೆ.

ಇದಕ್ಕೆ ಮದ್ದಾಗಿ ಬಂದದ್ದು ಟ್ಯಾಂಜೆನ್ಷಿಯಲ್ ಟೋನ್‌ಆರ್ಮ್. ಇಲ್ಲಿ ತೋಳೇ ಹಳಿಯ ಮೇಲೆ ನೇರವಾಗಿ ಸರಿಯುತ್ತದೆ. ಡೆನ್ಮಾರ್ಕ್‌ನ ಬ್ಯಾಂಗ್ ಅಂಡ್ ಒಲುಫ್ಸೆನ್ ಕಂಪನಿಯ ಬಿಯೋಗ್ರಾಮ್ 4000 (1972) ಇದಕ್ಕೆ ಹೆಸರುವಾಸಿ.

ಹಾಗಾದರೆ ನೇರ ತೋಳಿದ್ದರೆ ಗೌಹರ್ ನಮ್ಮೆದುರೇ ಹಾಡಿದಂತೆ ಕೇಳಿಸುತ್ತದೆಯೇ? ಇಲ್ಲ. ಅದು ಸರಿಪಡಿಸುವುದು ಕೋನವನ್ನಷ್ಟೇ. 1902ರಲ್ಲಿ ಮೈಕ್ ಬಳಕೆ ಇರಲಿಲ್ಲ, ದೊಡ್ಡ ಕಹಳೆಯೊಂದರ ಬಾಯಿಗೆ ಹಾಡಬೇಕಿತ್ತು. ಕಹಳೆ ಹಿಡಿಯದೆ ಬಿಟ್ಟದ್ದನ್ನು ಯಾವ ತೋಳೂ ತರಲಾರದು.

ಕೊನೆಯ ನೆಲೆ ಮೈಸೂರು

1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಗೌಹರ್ ಅವರನ್ನು ಆಸ್ಥಾನ ಗಾಯಕಿಯಾಗಿ ಕರೆಸಿಕೊಂಡರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಇಂದು ಅವರ ದನಿ ಉಳಿದಿರುವುದು ಆ ಗೀರುಗಳಲ್ಲಿ ಮಾತ್ರ.

ಆದ್ದರಿಂದ ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ 78 ಸುತ್ತಿನ ಪ್ಲೇಟು ಸಿಕ್ಕರೆ ಎಲ್‌ಪಿಯ ಸೂಜಿ ಇಡಬೇಡಿ. ಅದರ ಗೀರು ಅಗಲ, ಅದಕ್ಕೆ ತಕ್ಕ ದಪ್ಪ ತುದಿಯ ಸೂಜಿಯೇ ಬೇಕು. ಹಳೆಯ ಗ್ರಾಮಫೋನಿನ ಭಾರದ ಉಕ್ಕಿನ ಸೂಜಿಯಂತೂ ಪ್ರತಿ ಸಲ ಗೀರನ್ನು ಸವೆಸುತ್ತದೆ. ಒಮ್ಮೆ ಸರಿಯಾಗಿ ನುಡಿಸಿ, ಡಿಜಿಟಲ್ ಪ್ರತಿ ಮಾಡಿಸಿಟ್ಟುಕೊಳ್ಳಿ. ಆಮೇಲೆ ಎಷ್ಟು ಜನಕ್ಕೆ ಬೇಕಾದರೂ ಫಾರ್ವರ್ಡ್ ಮಾಡಬಹುದು.