ಪ್ರಾಧ್ಯಾಪಕ ಸತೀಶ್ ಧವನ್

ಯಶವಂತಪುರಕ್ಕೂ ಮೇಖ್ರಿ ವೃತ್ತಕ್ಕೂ ನಡುವೆ ಹೆಮ್ಮರಗಳ ನೆರಳಿನಲ್ಲಿ ಹರಡಿಕೊಂಡಿರುವ ಭಾರತೀಯ ವಿಜ್ಞಾನ ಮಂದಿರವನ್ನು ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಮೈಸೂರು ಸಂಸ್ಥಾನವು ದಾನವಾಗಿತ್ತ 371 ಎಕರೆ ನೆಲದಲ್ಲಿ 1909ರಲ್ಲಿ ಸ್ಥಾಪನೆಗೊಂಡು, 1958ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮನ್ನಣೆ ಪಡೆದ ಈ ಸಂಸ್ಥೆಯನ್ನು ಎಲ್ಲರಿಗಿಂತ ದೀರ್ಘಕಾಲ ಮುನ್ನಡೆಸಿದ ಕೀರ್ತಿ ಡಾ. ಸತೀಶ್ ಧವನ್ ಅವರದು. ಅವರು ಹುಟ್ಟಿದ್ದು ದೂರದ ಶ್ರೀನಗರದಲ್ಲಿ, 1920ರ ಸೆಪ್ಟೆಂಬರ್ 25ರಂದು; ಬಾಳಿ ಬೆಳಗಿದ್ದು ನಮ್ಮ ಬೆಂಗಳೂರಿನಲ್ಲಿ.

ಅವರ ವಿದ್ಯಾಭ್ಯಾಸದ ಕ್ರಮವೇ ವಿಲಕ್ಷಣವಾದುದು. ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಮತ್ತು ಭೌತವಿಜ್ಞಾನಗಳ ಪದವಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆ ಬಳಿಕ 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ. ಹದಿನಾರು ತುಂಬುವ ಮೊದಲೇ ಒಂದೇ ಹಾದಿಯನ್ನು ಹಿಡಿದು ಬೇರೆಲ್ಲವನ್ನೂ ಮರೆಯುವ ಇಂದಿನ ವಿದ್ಯಾರ್ಥಿಗಳಿಗೆ ಇದು ಸೋಜಿಗವಾಗಿ ತೋರಬಹುದು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅಲ್ಪಕಾಲ ಕೆಲಸ ಮಾಡಿ ಅವರು ಅಮೆರಿಕೆಗೆ ತೆರಳಿದರು. ಮಿನ್ನೆಸೋಟಾದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಶಿಷ್ಯರಾದರು. ಹರಿಯುವ ಗಾಳಿ ತಾನು ಸವರಿ ಹೋಗುವ ಮೇಲ್ಮೈಯನ್ನು ಎಷ್ಟು ಬಲದಿಂದ ಎಳೆಯುತ್ತದೆ ಎಂಬುದನ್ನು ನೇರವಾಗಿ ಅಳೆದುದು ಅವರ ಸಂಶೋಧನೆ. 1951ರಲ್ಲಿ ಡಾಕ್ಟರೇಟ್ ಕೈಗೂಡಿತು. ವಿದೇಶದಲ್ಲಿಯೇ ಉಳಿಯಬಹುದಾಗಿದ್ದ ಅವರು ಅದೇ ವರ್ಷ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಸೇರಿದರು.

ಇಲ್ಲಿ ಅವರು ಕಟ್ಟಿದ ಮೊದಲ ಶಬ್ದಾತೀತ ವಾಯುಸುರಂಗದ ಪರೀಕ್ಷಾ ಭಾಗದ ಅಳತೆ ಕೇವಲ 1 ಇಂಚು ಮತ್ತು 3 ಇಂಚು! ಒತ್ತಡದಲ್ಲಿರುವ ಗಾಳಿಯನ್ನು ಕೊರಳಿನಂತೆ ಕಿರಿದಾಗಿ ಮತ್ತೆ ಅಗಲವಾಗುವ ಕೊಳವೆಯ ಮೂಲಕ ಹರಿಯಬಿಟ್ಟರೆ ಅದರ ವೇಗ ಶಬ್ದದ ವೇಗವನ್ನೂ ಮೀರುತ್ತದೆ. ಈ ತತ್ತ್ವವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೆ ಸಾಲದು, ವಿದ್ಯಾರ್ಥಿ ಅದನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಬೋಧನೆಯ ರೀತಿ. ಮುಂದೆ ವಿಖ್ಯಾತ ವಿಜ್ಞಾನಿಯಾದ ರೊದ್ದಂ ನರಸಿಂಹ ಅವರು ಧವನ್ ಅವರ ಬಳಿ ಕಲಿತು, ಬಳಿಕ ತಮ್ಮ ಗುರುವಿನ ಗುರುವಾದ ಲೀಪ್‌ಮನ್ ಅವರಲ್ಲಿಗೇ ಹೋದರು. 1955ರಲ್ಲಿ ಧವನ್ ಅವರು ವೈಮಾನಿಕ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದರು.

1962ರಲ್ಲಿ, ನಲವತ್ತರ ಆಸುಪಾಸಿನ ವಯಸ್ಸಿನಲ್ಲಿಯೇ, ಇಡೀ ಸಂಸ್ಥೆಯ ನಿರ್ದೇಶಕ ಪದವಿ ಅವರ ಪಾಲಿಗೆ ಬಂದಿತು. ತಮ್ಮ ಶಾಸ್ತ್ರಕ್ಕೆ ಮಾತ್ರ ನೀರೆರೆಯುವ ಮನೋಭಾವ ಅವರದಾಗಿರಲಿಲ್ಲ. ಜಿ.ಎನ್. ರಾಮಚಂದ್ರನ್, ಜಾರ್ಜ್ ಸುದರ್ಶನ್, ಮಾಧವ ಗಾಡ್ಗೀಳ್, ಸಿ.ಎನ್.ಆರ್. ರಾವ್ ಮೊದಲಾದವರು ಸಂಸ್ಥೆಯಲ್ಲಿ ಹೊಸ ಹೊಸ ಶಾಖೆಗಳನ್ನು ಬೆಳೆಸಿದ್ದು ಅವರ ಕಾಲದಲ್ಲಿಯೇ. 1974ರಲ್ಲಿ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ ಅದರ ಪ್ರಯೋಗಶಾಲೆಯಾಯಿತು. ನಮ್ಮ ತಾಯಂದಿರು ಬಲ್ಲ ಅಸ್ತ್ರ ಒಲೆ ಈ ಕೇಂದ್ರದ ಕೊಡುಗೆ. ಶಬ್ದಾತೀತ ವೇಗವನ್ನು ಅಳೆದ ಪ್ರಾಧ್ಯಾಪಕರ ಆಡಳಿತದಲ್ಲಿ ಅಡುಗೆಮನೆಯ ಹೊಗೆಗೂ ವಿಜ್ಞಾನದ ಗಮನ ದೊರಕಿತು.

1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ಅವರು ಹಠಾತ್ತನೆ ನಿಧನರಾದಾಗ ಧವನ್ ಅವರು ರಜೆಯ ಮೇಲೆ ಕ್ಯಾಲ್‌ಟೆಕ್‌ನಲ್ಲಿದ್ದರು. ಬಾಹ್ಯಾಕಾಶ ಕಾರ್ಯದ ಹೊಣೆ ಹೊರಬೇಕೆಂದು ಪ್ರಧಾನಿ ಇಂದಿರಾ ಗಾಂಧಿಯವರಿಂದ ಕರೆ ಬಂದಿತು. ಇಂಥ ಕರೆ ಬಂದೊಡನೆ ಹಳೆಯ ಕುರ್ಚಿಯನ್ನು ಬಿಟ್ಟು ಓಡುವವರೇ ಹೆಚ್ಚು. ಧವನ್ ಅವರು ಎರಡು ಷರತ್ತುಗಳನ್ನು ಮುಂದಿಟ್ಟರು: ತಾವು ವಿಜ್ಞಾನ ಮಂದಿರದ ನಿರ್ದೇಶಕರಾಗಿಯೇ ಮುಂದುವರಿಯಬೇಕು, ಬಾಹ್ಯಾಕಾಶ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಎರಡಕ್ಕೂ ಒಪ್ಪಿಗೆ ದೊರೆಯಿತು. ಆದರೂ ಒಪ್ಪಿಕೊಂಡಿದ್ದ ಅಧ್ಯಾಪನವನ್ನು ಮುಗಿಸಿಯೇ ಅವರು ಹಿಂದಿರುಗಿದರು; ಆ ತನಕ ಎಂ.ಜಿ.ಕೆ. ಮೆನನ್ ಅವರು ಹೊಣೆಯನ್ನು ನಿರ್ವಹಿಸಿದರು. 1972ರಿಂದ ಸುಮಾರು ಒಂಬತ್ತು ವರ್ಷ ಎರಡು ಮಹಾಸಂಸ್ಥೆಗಳ ಭಾರ ಒಬ್ಬರ ಹೆಗಲ ಮೇಲಿತ್ತು. ರಾಜ್ಯಕ್ಕೆ ಅದರಿಂದಾದ ಲಾಭ ಅಳೆಯಲಾಗದು. ಯಶವಂತಪುರದಾಚೆಯ ಪೀಣ್ಯದ ಸಾಧಾರಣ ಕೈಗಾರಿಕಾ ಷೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯೆತ್ ರಾಕೆಟ್ಟು ಅದನ್ನು ಕಕ್ಷೆಗೆ ಒಯ್ದಿತು.

ಪರರ ರಾಕೆಟ್ಟನ್ನು ನೆಚ್ಚದೆ ನಮ್ಮದೇ ವಾಹನವನ್ನು ಹಾರಿಸುವ ಪರೀಕ್ಷೆ ಇನ್ನೂ ಉಳಿದಿತ್ತು. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಏರಿದ ಎಸ್.ಎಲ್.ವಿ.-3 ಎರಡನೆಯ ಹಂತದ ನಿಯಂತ್ರಣದಲ್ಲಿನ ದೋಷದಿಂದ ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಯ ಪಾಲಾಯಿತು. ವರ್ಷಗಳ ಶ್ರಮ, ಜನರ ಹಣ, ತರುಣ ವಿಜ್ಞಾನಿಗಳ ಮನೋಬಲ ಎಲ್ಲವೂ ಆ ದಿನ ಒರೆಗೆ ಬಿದ್ದವು. ಯೋಜನೆಯ ನಾಯಕರು ಎ.ಪಿ.ಜೆ. ಅಬ್ದುಲ್ ಕಲಾಂ. ಪತ್ರಕರ್ತರ ಎದುರು ಅವರನ್ನು ನಿಲ್ಲಿಸದೆ ಧವನ್ ಅವರು ತಾವೇ ಮುಂದೆ ನಿಂತು ಸೋಲಿನ ಹೊಣೆಯನ್ನು ಹೊತ್ತರು. 1980ರ ಜುಲೈ 18ರಂದು ಅದೇ ವಾಹನ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಪತ್ರಕರ್ತರೊಡನೆ ಮಾತನಾಡಲು ಕಲಾಂ ಅವರನ್ನೇ ಕಳುಹಿಸಿದರು. ರಾಷ್ಟ್ರಪತಿಯಾದ ಮೇಲೂ ಕಲಾಂ ಅವರು ಈ ಪ್ರಸಂಗವನ್ನು ಹೋದಲ್ಲೆಲ್ಲ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು.

1981ರಲ್ಲಿ ನಿರ್ದೇಶಕ ಪದವಿಯಿಂದ ನಿವೃತ್ತರಾದ ಅವರಿಗೆ ಅದೇ ವರ್ಷ ಪದ್ಮವಿಭೂಷಣ ಸಂದಿತು. 1984ರಲ್ಲಿ ಬಾಹ್ಯಾಕಾಶ ಸಂಸ್ಥೆಯ ಅಧಿಕಾರವನ್ನು ಯು.ಆರ್. ರಾವ್ ಅವರಿಗೆ ಒಪ್ಪಿಸಿದರು. ಆಮೇಲೆ ಅವರ ಮನಸ್ಸನ್ನು ಸೆಳೆದದ್ದು ಹಕ್ಕಿಗಳ ಹಾರಾಟ. ಆ ವಿಷಯವನ್ನು ಕುರಿತ ಅವರ ಗ್ರಂಥ 1991ರಲ್ಲಿ ಪ್ರಕಟವಾಯಿತು. 2002ರ ಜನವರಿ 3ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಆ ವರ್ಷವೇ ಶ್ರೀಹರಿಕೋಟೆಯ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನೀರುಹಕ್ಕಿಗಳು ಬಂದಿಳಿಯುವ ಪುಲಿಕಾಟ್ ಸರೋವರ. ಆ ದ್ವೀಪದಿಂದಲೇ ಇಂದು ನಮ್ಮ ರಾಕೆಟ್ಟುಗಳು ಮೇಲೇರುತ್ತಿವೆ.